ಓದುಗರ ಕಾನೂನು ಪ್ರಶ್ನೆಗಳು: ಪ್ರಮಾಣ ಮಾಡಿ ಹೇಳಿದ್ದನ್ನು ತೂಗುವುದು ಹೇಗೆ?

● 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನಗೊಂಡಿದ್ದ ಬ್ರೆಟ್ ಕ್ಯಾವನಾ ಅವರ ಮೇಲೆ ಹಳೆಯ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಸೆನೆಟ್ ಸಮಿತಿಯ ಮುಂದೆ ಪ್ರಮಾಣ ಮಾಡಿ ‘ಅವರೇ’ ಎಂದರು. ಕ್ಯಾವನಾ ಪ್ರಮಾಣ ಮಾಡಿಯೇ ‘ನಾನಲ್ಲ’ ಎಂದರು. ನಮ್ಮ ಕಾಲೇಜಿನ ಚರ್ಚೆಯಲ್ಲಿ ಅರ್ಧ ತರಗತಿ ಆ ಕಡೆ, ಅರ್ಧ ಈ ಕಡೆ. ಇಂಥಲ್ಲಿ ತೀರ್ಮಾನಕ್ಕೆ ಬರಲು ಏನಾದರೂ ಕ್ರಮವಿದೆಯೇ?
– ಕಾನೂನು ವಿದ್ಯಾರ್ಥಿ, ಮಂಜೇಶ್ವರ

ಇದೆ. ಆದರೆ ‘ಯಾರನ್ನು ನಂಬುವುದು’ ಎಂದು ಹೊರಟರೆ ತರಗತಿ ಎರಡಾಗುವುದೇ ಸೈ. ಕಾಗದ ತೆಗೆದುಕೊಂಡು ಇಬ್ಬರೂ ಹೇಳಿದ್ದನ್ನು ಒಂದೊಂದು ಸಂಗತಿಗೆ ಒಂದೊಂದು ಸಾಲಿನಂತೆ ಬರೆಯಿರಿ. ಪ್ರತಿ ಸಾಲಿನ ಎದುರು, ಅದನ್ನು ಆ ಇಬ್ಬರನ್ನು ಬಿಟ್ಟು ಬೇರೆ ಯಾರು ಅಥವಾ ಯಾವ ದಾಖಲೆ ಹೇಳಬಲ್ಲದು ಎಂದು ಗುರುತು ಹಾಕಿ. ಕೋಣೆಯೊಳಗೆ ನಡೆದದ್ದಕ್ಕೆ ಹೊರಗಿನ ಸಾಕ್ಷಿ ಸಿಗುವುದು ಅಪರೂಪ. ಅದರ ಸುತ್ತಲಿನ ಸಂಗತಿಗಳಿಗೆ, ಅಂದರೆ ಯಾವ ಬೇಸಿಗೆ, ಯಾರ ಮನೆ, ಯಾರು ಯಾರ ಗೆಳೆಯರು ಎಂಬುದಕ್ಕೆ ಸಿಗುತ್ತದೆ. ಪರೀಕ್ಷೆ ನಡೆಯಬೇಕಾದದ್ದು ಅಲ್ಲಿ.

ಮುಂದೆ, ಮಾತು ಮೊದಲು ಹೊರಬಿದ್ದ ದಿನ ಯಾವುದೆಂದು ನೋಡಬೇಕು. ಘಟನೆ 1982ರಲ್ಲಿ ಒಂದು ಮನೆಯಲ್ಲಿ ಸೇರಿದ್ದ ಹದಿಹರೆಯದವರ ಕೂಟದಲ್ಲಿ ನಡೆದದ್ದು ಎಂಬುದು ಫೋರ್ಡ್ ಹೇಳಿಕೆ. 2012ರಲ್ಲಿ ಆಪ್ತಸಮಾಲೋಚಕರ ಬಳಿ ಅದನ್ನು ಹೇಳಿಕೊಂಡದ್ದಕ್ಕೆ ಅವರ ಟಿಪ್ಪಣಿ ಇತ್ತು. ನಾಮನಿರ್ದೇಶನ ಆದದ್ದು 2018ರ ಜುಲೈಯಲ್ಲಿ. ಹಾಗಾಗಿ ‘ನೇಮಕ ತಡೆಯಲೆಂದೇ ಕಟ್ಟಿದ ಕಥೆ’ ಎಂಬ ವಾದಕ್ಕೆ ಆ ಟಿಪ್ಪಣಿ ಅಡ್ಡ ಬರುತ್ತದೆ. ಆದರೆ ಅದರಲ್ಲಿ ಕ್ಯಾವನಾ ಹೆಸರಿರಲಿಲ್ಲ. ಕೋಣೆಯಲ್ಲಿದ್ದ ಹುಡುಗರ ಸಂಖ್ಯೆಯೂ ಫೋರ್ಡ್ ಹೇಳಿದ್ದಕ್ಕಿಂತ ಬೇರೆ ಇತ್ತು. ಅದು ಬರೆದುಕೊಂಡವರ ತಪ್ಪು ಎಂದು ಫೋರ್ಡ್ ವಿವರಿಸಿದರು. ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮದ 160ನೇ ಕಲಂ ಪ್ರಕಾರ ಹಿಂದಿನ ಹೇಳಿಕೆ ಬೆಂಬಲವಾಗಿ ನಿಲ್ಲಬೇಕಾದರೆ ಅದು ಘಟನೆಯ ಹೊತ್ತಿನಲ್ಲೋ ಅದಕ್ಕೆ ಹತ್ತಿರದಲ್ಲೋ ಹೇಳಿದ್ದಾಗಿರಬೇಕು, ಇಲ್ಲವೇ ತನಿಖೆಯ ಅಧಿಕಾರವಿದ್ದವರ ಮುಂದೆ ಹೇಳಿದ್ದಾಗಿರಬೇಕು. ಮೂವತ್ತು ವರ್ಷ ಕಳೆದು ಸಮಾಲೋಚಕರಿಗೆ ಹೇಳಿದ್ದು ಅಲ್ಲಿ ನಿಲ್ಲುವುದು ಕಷ್ಟ.

ಆಮೇಲೆ ನಿರಾಕರಣೆಯ ಅಳತೆ. ‘ಮಾಡಿಲ್ಲ’, ‘ನೆನಪಿಲ್ಲ’, ‘ಅಂಥ ಕೂಟಕ್ಕೇ ಹೋಗಿಲ್ಲ’ ಮೂರೂ ಬೇರೆ ಬೇರೆ. ಕ್ಯಾವನಾ ಅವರದು ಪೂರ್ತಿ ನಿರಾಕರಣೆ. 1982ರ ತಮ್ಮ ಕ್ಯಾಲೆಂಡರನ್ನೂ ಹಾಜರುಪಡಿಸಿದರು. ಕೂಟದಲ್ಲಿದ್ದರೆಂದು ಫೋರ್ಡ್ ಹೆಸರಿಸಿದವರೇ ಆರೋಪವನ್ನು ಅಲ್ಲಗಳೆದಿದ್ದಾರೆ ಎಂದೂ ಹೇಳಿದರು. ಆ ಮಂದಿಯ ಹೇಳಿಕೆಗಳನ್ನು ತೆಗೆದು ಓದಿದರೆ ಮುಖ್ಯವಾಗಿ ಸಿಗುವುದು ಅಂಥ ಕೂಟ ತಮಗೆ ನೆನಪಿಲ್ಲ ಎಂಬ ಮಾತು. ಅವರಲ್ಲಿ ಫೋರ್ಡ್ ಅವರ ಗೆಳತಿಯ ವಕೀಲರು ‘ಅಲ್ಲಗಳೆಯುತ್ತಿಲ್ಲ’ ಎಂದು ಪ್ರತ್ಯೇಕವಾಗಿ ತಿಳಿಸಿದ್ದರು. ಪಾಟೀಸವಾಲು ಹಾಕುವವರು ಹಿಡಿಯಬೇಕಾದ ಎಳೆ ಇದು. ಅದೇ ನ್ಯಾಯದಿಂದ, ಮನೆ ಯಾವುದು, ದಿನ ಯಾವುದು, ಮರಳಿ ಮನೆಗೆ ಕರೆತಂದವರು ಯಾರು ಎಂಬುದು ಫೋರ್ಡ್ ಅವರಿಗೆ ನೆನಪಿರಲಿಲ್ಲ ಎಂಬುದನ್ನೂ ಬರೆದುಕೊಳ್ಳಬೇಕು. ಮನೆ ಗೊತ್ತಿಲ್ಲದ ಮೇಲೆ ಆ ಮನೆಯವರನ್ನು ಕೇಳುವ ದಾರಿಯೂ ಮುಚ್ಚಿತು.

ಕೊನೆಗೆ, ಯಾರನ್ನು ಕೇಳಲೇ ಇಲ್ಲ? ಈ ಪಟ್ಟಿ ಮಾಡುವವರು ಕಡಿಮೆ. ಎಫ್‌ಬಿಐಗೆ ಹೆಚ್ಚುವರಿ ವಿಚಾರಣೆಗೆ ಸಿಕ್ಕಿದ್ದು ಒಂದು ವಾರ. ಅದರಲ್ಲಿ ಫೋರ್ಡ್ ಅವರನ್ನೂ ಮಾತನಾಡಿಸಲಿಲ್ಲ, ಕ್ಯಾವನಾ ಅವರನ್ನೂ ಮಾತನಾಡಿಸಲಿಲ್ಲ. ಸಮಿತಿಯಲ್ಲಿ ಸರದಿಗೆ ಐದೈದು ನಿಮಿಷ. ರಿಪಬ್ಲಿಕನ್ ಸದಸ್ಯರ ಪರವಾಗಿ ಕೇಳಲು ಅರಿಜೋನಾದ ಪ್ರಾಸಿಕ್ಯೂಟರ್ ರೇಚಲ್ ಮಿಚೆಲ್ ಬಂದಿದ್ದರು. ಪ್ರಶ್ನೆ ಒಂದು ಹದಕ್ಕೆ ಬರುವಷ್ಟರಲ್ಲಿ ಸಮಯ ಮುಗಿದು ಎದುರು ಪಕ್ಷದ ಸರದಿ. ಒಳ್ಳೆಯ ಪಾಟೀಸವಾಲು ಸಾಕ್ಷಿಯನ್ನು ಮೊದಲು ಸಣ್ಣ ಸಣ್ಣ ಸಂಗತಿಗಳಿಗೆ ಕಟ್ಟಿಹಾಕಿ, ಬಹಳ ಹೊತ್ತಿನ ಮೇಲೆ ಮುಖ್ಯ ಪ್ರಶ್ನೆಗೆ ಬರುತ್ತದೆ. ಐದು ನಿಮಿಷದಲ್ಲಿ ಅದು ಸಾಧ್ಯವಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನಗೊಂಡಿದ್ದ ಕ್ಲಾರೆನ್ಸ್ ಥಾಮಸ್ ಅವರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಅನಿತಾ ಹಿಲ್ ಸಾಕ್ಷ್ಯ ನುಡಿದಾಗಲೂ, ಹೇಳಲು ಬಂದಿದ್ದ ಇನ್ನೊಬ್ಬ ಮಹಿಳೆಯನ್ನು ಸಮಿತಿ ತನ್ನ ಮುಂದೆ ಕೂರಿಸಿ ಕೇಳಲಿಲ್ಲ. ಸೆನೆಟ್ ಮತದಾನದಲ್ಲಿ ಥಾಮಸ್ 52–48ರಲ್ಲಿ, ಕ್ಯಾವನಾ 50–48ರಲ್ಲಿ ಗೆದ್ದರು. ಮತ ಎಣಿಕೆಯನ್ನು ಸತ್ಯದ ತೀರ್ಪೆಂದು ತಿಳಿಯಬೇಡಿ. ಎರಡೂ ಸಲ ಹೆಚ್ಚಿನ ಮತಗಳು ಪಕ್ಷದ ಗೆರೆಯ ಮೇಲೇ ಬಿದ್ದವು.

ನಿಮ್ಮ ಚರ್ಚೆಗೆ ಇನ್ನೊಂದು: ಎಷ್ಟು ಖಾತ್ರಿ ಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಜೈಲಿಗೆ ಕಳಿಸಲು ಸಂಶಯಾತೀತ ಪುರಾವೆ ಬೇಕು. ಹುದ್ದೆ ಕೊಡಬೇಕೇ ಎಂಬಲ್ಲಿ ಅಷ್ಟು ಬೇಡ ಎಂದು ಹಲವರ ಮತ. ಸೆನೆಟರ್ ಸೂಸನ್ ಕಾಲಿನ್ಸ್ ‘ಆಗಿಲ್ಲದಿರುವುದಕ್ಕಿಂತ ಆಗಿರುವ ಸಂಭವವೇ ಹೆಚ್ಚೇ’ ಎಂಬ ಮಾನದಂಡ ಇಟ್ಟುಕೊಂಡು, ಆರೋಪ ಅಷ್ಟಕ್ಕೂ ಮುಟ್ಟಿಲ್ಲವೆಂದು ಕ್ಯಾವನಾ ಪರ ಮತ ಹಾಕಿದರು. ಒಪ್ಪುವುದು ಬಿಡುವುದು ಬೇರೆ. ಅಳತೆಗೋಲನ್ನು ಬಾಯಿಬಿಟ್ಟು ಹೇಳಿದ್ದಂತೂ ಸರಿ. ನಿಮ್ಮ ತರಗತಿಯ ಎರಡು ಕಡೆಯವರೂ ಬಹುಶಃ ಬೇರೆ ಬೇರೆ ಅಳತೆಗೋಲು ಹಿಡಿದೇ ಜಗಳವಾಡುತ್ತಿದ್ದಾರೆ.

● ಆಕೆಯ ದನಿ ನಡುಗುತ್ತಿತ್ತು. ಆತ ಸಿಟ್ಟಿನಲ್ಲಿ ಕೂಗಾಡಿದ, ಕಣ್ಣೀರೂ ಹಾಕಿದ. ಮುಖ ನೋಡಿದರೆ ಗೊತ್ತಾಗುವುದಿಲ್ಲವೇ?
– ನಿವೃತ್ತ ಶಿಕ್ಷಕಿ, ಬದಿಯಡ್ಕ

ಗೊತ್ತಾದಂತೆ ಅನಿಸುತ್ತದೆ, ಅಷ್ಟೆ. ಸುಳ್ಳು ಗುರುತಿಸುವ ಬಗ್ಗೆ ನಡೆದ ನೂರಾರು ಪ್ರಯೋಗಗಳನ್ನು ಬಾಂಡ್ ಮತ್ತು ಡಿಪಾಲೊ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಜನರ ಊಹೆ ಸರಿಬಂದದ್ದು ಸರಾಸರಿ 54 ಶೇಕಡಾ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ನಿರಪರಾಧಿಗೂ ಸಿಟ್ಟು ಬರುತ್ತದೆ, ಸಿಕ್ಕಿಬಿದ್ದವನಿಗೂ ಬರುತ್ತದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ ಸಾಕ್ಷಿಯ ಹಾವಭಾವವನ್ನು ನ್ಯಾಯಾಧೀಶರು ಬರೆದಿಟ್ಟುಕೊಳ್ಳಲು ಅವಕಾಶ ಕೊಟ್ಟಿದೆ ನಿಜ, ಆದೇಶ 18, ನಿಯಮ 12. ಅನುಭವಿ ನ್ಯಾಯಾಧೀಶರು ಅದನ್ನು ಉಪಯೋಗಿಸುವುದು ಯಾವ ಪ್ರಶ್ನೆಗೆ ಸಾಕ್ಷಿ ತಡವರಿಸಿದ, ಯಾವುದಕ್ಕೆ ಉತ್ತರ ಬಿಟ್ಟು ಬೇರೇನೋ ಹೇಳಿದ ಎಂದು ಗುರುತಿಸಲು. ಸಿಟ್ಟನ್ನು ಬದಿಗಿಟ್ಟು, ಸಿಟ್ಟಿನ ನಡುವೆ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಎಣಿಸಿ.

● ಆಕೆ ಸುಳ್ಳು ಪತ್ತೆ ಯಂತ್ರದ ಪರೀಕ್ಷೆಯಲ್ಲಿ ಪಾಸಾಗಿದ್ದಳಂತೆ. ಅದು ಸಾಕಲ್ಲವೇ?
– ಓದುಗರು, ಜತ್ತ

ಸಾಲದು. ಪಾಲಿಗ್ರಾಫ್ ಅಳೆಯುವುದು ಉಸಿರು, ನಾಡಿ, ರಕ್ತದೊತ್ತಡ, ಚರ್ಮದ ಬೆವರು. ಹೆದರಿಕೆಗೂ ಸುಳ್ಳಿಗೂ ಯಂತ್ರದಲ್ಲಿ ಬೇರೆ ಮುಳ್ಳಿಲ್ಲ. ತಾನು ಹೇಳಿದ್ದನ್ನು ತಾನೇ ನಂಬಿದವರು, ತಪ್ಪಾಗಿ ನೆನಪಿಟ್ಟುಕೊಂಡಿದ್ದರೂ ಪಾಸಾಗಬಹುದು. ನಮ್ಮ ಸುಪ್ರೀಂ ಕೋರ್ಟು 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ ಒಪ್ಪಿಗೆಯಿಲ್ಲದ ಪಾಲಿಗ್ರಾಫ್ ಸಲ್ಲದೆಂದಿತು. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ.

● ಶಾಲೆಯ ವಾರ್ಷಿಕ ಪುಸ್ತಕದಲ್ಲಿ ತಾನೇ ಬರೆದ ಪೋಲಿ ಮಾತುಗಳಿಗೆ, ಕುಡಿತದ ಬಗ್ಗೆ ಕೇಳಿದ್ದಕ್ಕೆ ಆತ ಸರಿಯಾಗಿ ಉತ್ತರಿಸಲಿಲ್ಲ ಎಂದು ಹಲವರು ದೂರಿದರು. ಸಣ್ಣದರಲ್ಲಿ ಸುಳ್ಳಾದರೆ ದೊಡ್ಡದರಲ್ಲೂ ಸುಳ್ಳೇ ಅಲ್ಲವೇ?
– ಓದುಗರು, ತಾಳವಾಡಿ

ನಮ್ಮ ನ್ಯಾಯಾಲಯಗಳು ಹಾಗೆ ಲೆಕ್ಕ ಹಾಕುವುದಿಲ್ಲ. ಒಂದರಲ್ಲಿ ಸುಳ್ಳಾದರೆ ಎಲ್ಲದರಲ್ಲೂ ಸುಳ್ಳು ಎಂಬುದು ಕಾನೂನಿನ ನಿಯಮವಲ್ಲ, ಬರೀ ಎಚ್ಚರಿಕೆ ಎಂದು ಸುಪ್ರೀಂ ಕೋರ್ಟು 1957ರಲ್ಲೇ ನಿಸಾರ್ ಅಲಿ ಪ್ರಕರಣದಲ್ಲಿ ಹೇಳಿದೆ. ಜೊಳ್ಳು ತೂರಿ ಕಾಳು ಉಳಿಸಿಕೊಳ್ಳಬೇಕು. ಎರಡೂ ಬಿಡಿಸಲಾಗದಷ್ಟು ಕಲೆತುಹೋಗಿದ್ದರೆ ಮಾತ್ರ ಇಡೀ ಸಾಕ್ಷ್ಯ ಬಿಡುವುದು.

ಮೊದಲು, ಆ ಸುಳ್ಳು ಸುಳ್ಳೇ ಎಂದು ಸಿದ್ಧವಾಗಬೇಕು. ಹದಿಹರೆಯದವರ ಪೋಲಿ ಮಾತಿನ ಅರ್ಥದ ಬಗ್ಗೆ ಅದು ಸುಲಭವಲ್ಲ. ಆಮೇಲೆ ಅದಕ್ಕೆ ಕಾರಣ ಹುಡುಕಿ. ಹದಿನೇಳರ ವಯಸ್ಸಿನ ಪುಂಡಾಟವನ್ನು ಐವತ್ತಮೂರರಲ್ಲಿ, ಮನೆಮಂದಿ ಹಿಂದೆ ಕೂತಿರುವಾಗ ಸಪ್ಪೆ ಮಾಡಿ ಹೇಳುವುದಕ್ಕೆ ನಾಚಿಕೆಯೇ ಕಾರಣವಾಗಬಹುದು. ಅದರಿಂದ ಹಲ್ಲೆ ಸಾಬೀತಾಗದು. ಆದರೆ ಹುದ್ದೆ ನ್ಯಾಯಾಧೀಶರದು. ಪ್ರಮಾಣ ಮಾಡಿದ ಮೇಲೂ ತಿಳಿದೂ ಬಣ್ಣ ಹಚ್ಚಿದ್ದು ಸಿದ್ಧವಾದರೆ, ಇನ್ನೊಬ್ಬರ ಪ್ರಮಾಣವನ್ನು ತೂಗುವ ಕೆಲಸಕ್ಕೆ ಅವರು ಯೋಗ್ಯರೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸಣ್ಣ ಸುಳ್ಳಿನ ತೂಕ ಇರುವುದು ಅಲ್ಲಿ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದ ಆಗಿನ ಚರ್ಚೆ ಕೆಟ್ಟಿತು.

● ನಮ್ಮಲ್ಲಿ ನ್ಯಾಯಮೂರ್ತಿಗಳನ್ನು ಹೀಗೆ ಬಹಿರಂಗವಾಗಿ ಕೂರಿಸಿ ಕೇಳುತ್ತಾರೆಯೇ?
– ಓದುಗರು, ಆದೋನಿ

ಇಲ್ಲ. 1993ರ ತೀರ್ಪಿನಿಂದ ಬಂದ ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಮಂಡಳಿ, ಹೆಸರು ಸೂಚಿಸುತ್ತದೆ, ಗುಪ್ತಚರ ಇಲಾಖೆಯ ವರದಿ ನೋಡುತ್ತದೆ, ರಾಷ್ಟ್ರಪತಿ ನೇಮಿಸುತ್ತಾರೆ. ಬದಲಿಗೆ ತಂದ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಅಭ್ಯರ್ಥಿ ಸಾರ್ವಜನಿಕವಾಗಿ ಪ್ರಮಾಣ ಮಾಡಿ ಹಳೆಯ ನಡತೆಗೆ ಉತ್ತರಿಸುವ ಸಂದರ್ಭವೇ ಇಲ್ಲ. ನೇಮಕವನ್ನು ಪ್ರಶ್ನಿಸಿದರೂ ನ್ಯಾಯಾಲಯ ಅರ್ಹತೆಯನ್ನು ನೋಡುತ್ತದೆಯೇ ಹೊರತು ಯೋಗ್ಯತೆಯ ವಿಚಾರಕ್ಕೆ ಇಳಿಯುವುದಿಲ್ಲ. ತಮಾಷೆಯಾಗದೆ ನಡೆಯುತ್ತದೆ ಎಂಬುದು ಇದರ ಲಾಭ. ಏನು ಕೇಳಿದರು, ಏನು ಹೇಳಿದರು ಎಂಬುದು ನಮಗೆ ಗೊತ್ತಾಗದು ಎಂಬುದು ನಷ್ಟ.

● ನಾವು ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತೇವೆ. ಬರೆದುಕೊಳ್ಳುವುದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಆಮೇಲೆ ‘ಮೊದಲು ಹೀಗೆ ಹೇಳಿದ್ದಿ, ಈಗ ಹಾಗೆ’ ಎಂದು ವಕೀಲರು ಹಿಡಿಯುತ್ತಾರೆ. ಏನು ಮಾಡಬೇಕು?
– ಕೃಷಿಕರು, ಕುಂಬಳೆ

ಪೊಲೀಸರು ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ. ಅದನ್ನೇ ಮುಂದಿಟ್ಟು ನಿಮ್ಮನ್ನು ಸುಳ್ಳರನ್ನಾಗಿಸಬೇಕಾದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ 148ನೇ ಕಲಂ ಪ್ರಕಾರ ವಕೀಲರು ಆ ಭಾಗವನ್ನು ಮೊದಲು ನಿಮ್ಮ ಗಮನಕ್ಕೆ ತರಬೇಕು. ಆಗ ಗಡಿಬಿಡಿ ಮಾಡಬೇಡಿ. ಆ ಸಾಲನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವಂತೆ ನ್ಯಾಯಾಧೀಶರನ್ನು ಕೇಳಿ, ಪೂರ್ತಿ ಕೇಳಿಸಿಕೊಂಡ ಮೇಲೆ ಉತ್ತರಿಸಿ. ಹಾಗೆ ಹೇಳಿಲ್ಲದಿದ್ದರೆ ‘ಹೇಳಿಲ್ಲ’ ಎನ್ನಿ. ನೆನಪಿಲ್ಲದಿದ್ದರೆ ಮಾತ್ರ ‘ನೆನಪಿಲ್ಲ’.

ಕೋರ್ಟಿನಲ್ಲಿ ನಿಮ್ಮ ಸಾಕ್ಷ್ಯ ಬರೆದು ಮುಗಿದ ಮೇಲೆ ಅದನ್ನು ಓದಿ ಹೇಳಬೇಕು. ಬೇರೆ ಭಾಷೆಯಲ್ಲಿದ್ದರೆ ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ದಿನಾಂಕ, ದೂರ, ಯಾರು ಮೊದಲು ಕೈ ಎತ್ತಿದರು ಎಂಬ ಅನುಕ್ರಮ, ನೀವು ಕಂಡದ್ದೋ ಕೇಳಿದ್ದೋ ಎಂಬ ವ್ಯತ್ಯಾಸ, ಹೆಚ್ಚಾಗಿ ಹೆಚ್ಚುಕಡಿಮೆ ಆಗುವುದು ಈ ನಾಲ್ಕರಲ್ಲಿ. ತಪ್ಪು ಕಂಡರೆ ಸಹಿ ಹಾಕುವ ಮೊದಲೇ ಹೇಳಿ. ನ್ಯಾಯಾಧೀಶರು ತಿದ್ದದೆ ಹೋದರೂ ನಿಮ್ಮ ಆಕ್ಷೇಪವನ್ನು ಪ್ರತ್ಯೇಕವಾಗಿ ಬರೆದು ಕಡತಕ್ಕೆ ಸೇರಿಸಬಹುದು. ಮೇಲ್ಮನವಿಯಲ್ಲಿ ಆ ಟಿಪ್ಪಣಿ ಕೆಲಸಕ್ಕೆ ಬರುತ್ತದೆ.