ಹಡಗು ನಮ್ಮೂರಲ್ಲಿ, ವಿಮಾನ ಪಕ್ಕದೂರಲ್ಲಿ

ಕಾರವಾರದ ಓದುಗರೊಬ್ಬರು ಕೇಳಿದಾರೆ: "ಟಾಗೋರ್ ಬೀಚಲ್ಲಿ ಚಾಪಲ್ ಯುದ್ಧನೌಕೆ ಪಕ್ಕ ನಿಲ್ಸಿರೋ ದೊಡ್ಡ ವಿಮಾನ ಎಲ್ಲಿಂದ ಹಾರ್ತಿತ್ತು? ಇಲ್ಲೇ ಅರ್ಗಾದಲ್ಲಿ ಇಷ್ಟು ದೊಡ್ಡ ನೇವಿ ಬೇಸ್ ಇದ್ರೂ ನೇವಿ ವಿಮಾನ ಯಾಕೆ ಗೋವಾದಲ್ಲೇ ಇಡ್ತಾರೆ?"

ಒಳ್ಳೆ ಪ್ರಶ್ನೆ ಮಾರಾಯ್ರೆ. ಆ ಟುಪೊಲೆವ್-142 ಸಬ್‌ಮರೀನ್ ಹುಡುಕೋ ವಿಮಾನ, 1988ರಲ್ಲಿ ನೇವಿಗೆ ಬಂದಾಗ ಇದ್ದಿದ್ದು ಗೋವಾದ ದಾಬೋಲಿಮ್‌ನಲ್ಲೇ, ಅಂದ್ರೆ ನೇವಿ ವಿಮಾನಗಳ ಬೇಸ್ ಐಎನ್‌ಎಸ್ ಹಂಸದಲ್ಲಿ. 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋಯ್ತು, 2017ರಲ್ಲಿ ರಿಟೈರ್ ಆಯ್ತು, ಈಗ ಬಿಡಿಬಿಡಿಯಾಗಿ ಲಾರಿ ಮೇಲೆ ಬಂದು ಹಳೇ ಮನೆಯಿಂದ ಎರಡೇ ತಾಸಿನ ದಾರಿಯಲ್ಲಿ ನಿಂತಿದೆ.

ಹಂಸ ಮೊದ್ಲು ಗೋವಾದಲ್ಲಿ ಇರ್ಲೇ ಇಲ್ಲ. 1961ರ ಸೆಪ್ಟೆಂಬರಲ್ಲಿ ಶುರುವಾಗಿದ್ದು ಕೊಯಮತ್ತೂರು ಹತ್ರದ ಸೂಲೂರಲ್ಲಿ, ಆಗ ದಾಬೋಲಿಮ್ ಪೋರ್ಚುಗೀಸರ ಕೈಲಿತ್ತು. ಅದೇ ನವೆಂಬರಲ್ಲಿ ನಮ್ಮ ಎದುರಿನ ಅಂಜದೀವ್ ದ್ವೀಪದಿಂದ ಅವರು ಗುಂಡು ಹಾರಿಸಿ ನಮ್ಮ ಮೀನುಗಾರನೊಬ್ಬ ಸತ್ತ, ಹಿರಿಯರಿಗೆ ನೆನಪಿರ್ಬಹುದು. ಡಿಸೆಂಬರ್ 18ಕ್ಕೆ ನಮ್ಮ ವಾಯುಪಡೆಯ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಮ್ ರನ್‌ವೇ ಮೇಲೆ ಬಾಂಬ್ ಹಾಕಿದ್ವು, ಆದ್ರೂ ಪೋರ್ಚುಗೀಸರು ಆ ರಾತ್ರಿನೇ ಗುಂಡಿ ಮುಚ್ಚಿ ಎರಡು ವಿಮಾನ ಕರಾಚಿಗೆ ಹಾರಿಸ್ಕೊಂಡು ಹೋದ್ರು (ನಮ್ಮ ಹೈವೇ ಗುಂಡಿಗೂ ಅವರನ್ನೇ ಕರೆಸ್ಬೇಕಿತ್ತು). ಗೋವಾ ನಮ್ಮ ಕೈಗೆ ಬಂದ್ಮೇಲೆ, 1964ರಲ್ಲಿ ಹಂಸ ದಾಬೋಲಿಮ್‌ಗೆ ಬಂತು.

ಇನ್ನು ಯಾಕೆ ಗೋವಾದಲ್ಲೇ ಅನ್ನೋದು. ಅರ್ಗಾದ ಕದಂಬ ಬೇಸ್ ಇರೋದು ಹಡಗಿಗೆ, ಅಲ್ಲಿ ಫೈಟರ್ ವಿಮಾನ ಹಾರೋ ಇಳಿಯೋ ರನ್‌ವೇ ಇಲ್ಲ. ವಿಮಾನ ಹೊತ್ತೊಯ್ಯೋ ಹಡಗು ವಿಕ್ರಮಾದಿತ್ಯ ಇಲ್ಲಿ ನಿಂತಾಗ ಅದರ ಮೇಲಿಂದ್ಲೇ ಹಾರಿಸ್ಬಹುದಲ್ಲ ಅಂತೀರಿ, ಆದ್ರೆ ಅಷ್ಟು ಗಿಡ್ಡ ಡೆಕ್ ಮೇಲಿಂದ ಮಿಗ್-29ಕೆ ಫೈಟರ್ ಮೇಲೇಳ್ಬೇಕಂದ್ರೆ ಹಡಗು ಗಾಳಿಗೆ ಎದುರಾಗಿ ಜೋರಾಗಿ ಓಡ್ತಾ ಇರ್ಬೇಕು, ಬಂದರಿನ ಕಟ್ಟೆಗೆ ಹಗ್ಗ ಕಟ್ಟಿ ನಿಂತ ಹಡಗಿಂದ ಅದು ಆಗೋ ಮಾತಲ್ಲ. ಅದ್ಕೇ ಬಂದರಿಗೆ ಬರೋ ಮೊದ್ಲೇ ವಿಮಾನಗಳು ಹಾರಿ ಹಂಸಕ್ಕೆ ಹೋಗ್ತವೆ, ರಿಪೇರಿ ಟ್ರೇನಿಂಗ್ ಎಲ್ಲಾ ಅಲ್ಲೇ. ವಿಮಾನ ಮೇಲೇಳೋಕೆ ಹಡಗಿನ ಡೆಕ್ ಮುಂತುದಿಯಲ್ಲಿ ಏರು ಇದೆಯಲ್ಲ, ಅಂಥದ್ದೇ ಒಂದನ್ನ ಅಲ್ಲಿ ನೆಲದ ಮೇಲೆ ಕಟ್ಟಿದಾರೆ, ಪೈಲಟ್‌ಗಳು ಮೊದ್ಲು ಅದ್ರ ಮೇಲೆ ಕೈ ಪಳಗಿಸ್ತಾರೆ.

ಅಂಕೋಲೆ ಅಲಗೇರಿಯಲ್ಲಿ ನೇವಿ ಏರ್ ಸ್ಟೇಷನ್ ಪ್ಲಾನ್ ಇದೆ, ಜೊತೆಗೆ ನಮಗೂ ಸಿವಿಲ್ ಟರ್ಮಿನಲ್. ಜಮೀನು ಬಿಟ್ಟುಕೊಡೋರ ಕಷ್ಟ ಅರ್ಗಾ ಬೇಸ್ ಕಟ್ಟಿದ ಸೀಬರ್ಡ್ ಯೋಜನೆ ಕಾಲದಿಂದ ನೋಡ್ತಿರೋರಿಗೆ ಗೊತ್ತು, ಅದಕ್ಕೆ ಬೇರೆಯೇ ಪತ್ರ ಬರೀರಿ.

ಮತ್ತೆ ಬೀಚಿಗೆ ಹೋದ್ರೆ ಆ ವಿಮಾನದ ಇಂಜಿನ್ ನೋಡಿ: ಒಂದೊಂದಕ್ಕೂ ಎರಡೆರಡು ಫ್ಯಾನು, ಒಂದು ಆ ಕಡೆ ತಿರುಗಿದ್ರೆ ಇನ್ನೊಂದು ಈ ಕಡೆ.