ಮಂಗಳೂರಿಗೆ ಹೋದರೆ ಅಕ್ಕನ ಮನೆಯಲ್ಲೇ ಇಳಿಯಬೇಕಾ?

ಗಂಡನಿಗೆ ನಲವತ್ತು ದಾಟಿದೆ, ಬ್ಯಾಂಕ್ ನೌಕರಿ. ಹೆಂಡತಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಒಂಬತ್ತು ವರ್ಷದ ಮಗ, ಮಂಡಿನೋವಿನ ಅತ್ತೆ. ಬೆಂಗಳೂರಿನಲ್ಲಿ ಮನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಜಗಳ ಮಾತ್ರ ಹಾಗೇ ಇದೆ.

2026ರ ಗಣರಾಜ್ಯೋತ್ಸವ ಸೋಮವಾರ. ಅದಕ್ಕೆ ಮುಂಚಿನ 24ನೇ ತಾರೀಕು ನಾಲ್ಕನೇ ಶನಿವಾರ, ಬ್ಯಾಂಕಿಗೂ ರಜೆ. ಬೆಂಗಳೂರಿನ ಚಳಿ ಬಿಟ್ಟು ಮೂರು ದಿನ ಮಂಗಳೂರಿನಲ್ಲಿ, ಸಮುದ್ರದ ಹತ್ತಿರ ಇದ್ದು ಬರೋಣ ಅಂತ ನವೆಂಬರ್‌ನಲ್ಲೇ ಮಾತು ಶುರುವಾಗಿತ್ತು. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬರುವ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದರು. "ಟ್ರಿಪ್ಪೇ ಬೇಡ" ಅಂತ ಹೆಂಡತಿ. "ಇವಳಿಗೆ ನಮ್ಮ ಕಡೆಯವರು ಅಂದ್ರೆ ಆಗಲ್ಲ" ಅಂತ ಗಂಡ.

ಗಂಡ ಫೋನ್‌ನಲ್ಲಿ ಪ್ಲಾನ್ ತೋರಿಸಿದರು. ಶನಿವಾರ ಬೆಳಿಗ್ಗೆ ರೈಲಿಳಿದು ಸುರತ್ಕಲ್‌ನಲ್ಲಿ ಅಕ್ಕನ ಮನೆ. ಸ್ನಾನ, ತಿಂಡಿ. ಆಮೇಲೆ ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಪಿಲಿಕುಳ, ಸಂಜೆ ಪಣಂಬೂರು ಬೀಚ್. ಭಾನುವಾರ ಉಡುಪಿ, ಮಲ್ಪೆ. ಸೋಮವಾರ ಧರ್ಮಸ್ಥಳ. ಚಾಪೆಲ್‌ಗೆ 20 ನಿಮಿಷ ಅಂತ ಬರೆದಿತ್ತು. ಸಮುದ್ರ ನೋಡಲು ಹೊರಟವರು ಜಾಸ್ತಿ ಹೊತ್ತು ಹೆದ್ದಾರಿಯನ್ನೇ ನೋಡುತ್ತಾರೆ ಅನ್ನಿಸಿತು. ಆದರೆ ಜಗಳ ಅದರ ಬಗ್ಗೆ ಇರಲಿಲ್ಲ.

"ಅಕ್ಕನಿಗೆ ಆಗಲೇ ಹೇಳಿಬಿಟ್ಟಿದ್ದೀನಿ. ಅವಳ ಊರಿಗೇ ಹೋಗಿ ಲಾಡ್ಜ್‌ನಲ್ಲಿ ಇಳಿದರೆ ಅವಳಿಗೆ ಏನನ್ನಿಸಲ್ಲ?" ಅಂತ ಗಂಡ ಕೇಳಿದರು. ಹೆಂಡತಿಗೆ ವಿಷಯ ಗೊತ್ತಾಗಿದ್ದು ಅತ್ತಿಗೆಯ ಫೋನ್ ಬಂದ ಮೇಲೆ.

ಹೆಂಡತಿಯನ್ನು ಒಬ್ಬರೇ ಕೂರಿಸಿ ಮಾತಾಡಿಸಿದಾಗ ಸಿಟ್ಟು ಕಡಿಮೆಯಿತ್ತು, ಸುಸ್ತು ಜಾಸ್ತಿಯಿತ್ತು. "ಅತ್ತಿಗೆ ಒಳ್ಳೆಯವರೇ. ಆದ್ರೆ ಅವರು ಒಬ್ಬರೇ ನಿಂತು ನೀರುದೋಸೆ ಹುಯ್ತಿದ್ರೆ ನಾನು ಸೋಫಾದಲ್ಲಿ ಕೂರೋಕಾಗುತ್ತಾ? ಇವರು ಕೂರ್ತಾರೆ. ಇವರ ಅಕ್ಕನ ಮನೆ ಅಲ್ವಾ? ಎಂಟು ಗಂಟೆವರೆಗೆ ಮಲಗೋಕೆ ಆಗದೆ ಇರೋ ಕಡೆ ನನಗೆಂಥ ರಜೆ?"

ಇಂಥ ಜಗಳಗಳು ರಜೆ ಹತ್ತಿರ ಬಂದಾಗ ನನ್ನ ಬಳಿ ಬರುತ್ತಲೇ ಇರುತ್ತವೆ. ಗಂಡನ ಮನೆಯವರ ಮೇಲೆ ಹೆಂಡತಿಗೆ ಅಸಡ್ಡೆ ಅಂತ ಎಲ್ಲರೂ ಬೇಗ ತೀರ್ಮಾನ ಮಾಡುತ್ತಾರೆ. ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ಅಡುಗೆಮನೆ ಬದಲಾಗುತ್ತದೆ ಅಷ್ಟೇ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಅಮ್ಮನನ್ನು ಕೇಳಿದ್ರಾ?" ಅಂದೆ. ಇಬ್ಬರೂ ಕೇಳಿರಲಿಲ್ಲ. ಅಮ್ಮನಿಗೆ ದೇವಸ್ಥಾನಗಳು ಬೇಕು ಅಂತ ಗಂಡ ಅಂದುಕೊಂಡಿದ್ದರು. ಅತ್ತೆ ಮರಳಲ್ಲಿ ನಡೆಯಲಾರರು, ತಾನೇ ಕೈ ಹಿಡಿದುಕೊಂಡು ಓಡಾಡಬೇಕು ಅಂತ ಸೊಸೆಗೆ ಚಿಂತೆ. ಮನೆಯ ನಾಲ್ಕೂ ಜನ ತಲಾ ಒಂದೇ ಒಂದು ಆಸೆ ಬರೆದು ತನ್ನಿ ಅಂತ ಕಳಿಸಿದೆ.

ಮಗನಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿ ಬೀಚ್‌ಗೆ ಹೋಗಬೇಕಿತ್ತು. ಅತ್ತೆ ಬರೆಸಿದ್ದು ಹೀಗೆ: "ಮಗಳ ಮನೆಯಲ್ಲಿ ಮೂರು ದಿನ ಇರ್ತೀನಿ. ನನ್ನನ್ನ ಎಲ್ಲೂ ಎಳಕೊಂಡು ಹೋಗ್ಬೇಡಿ." ಹೆಂಡತಿಗೆ ಚಾಪೆಲ್‌ನಲ್ಲಿ ಸಾಕು ಅನ್ನಿಸುವವರೆಗೆ ಕೂರಬೇಕಿತ್ತು. ಅದರ ಗೋಡೆ, ಚಾವಣಿಗಳ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ. ಮದುವೆಗೆ ಮುಂಚೆ ಆಕೆ ಚಿತ್ರ ಬರೆಯುತ್ತಿದ್ದರಂತೆ. ಗಂಡನಿಗೆ ಇದು ಮರೆತೇ ಹೋಗಿತ್ತು. ಅವರದೇ ಚೀಟಿಯಲ್ಲಿದ್ದದ್ದು "ಅಕ್ಕನ ಕೈಯ ಕೋರಿ ಗಸಿ", ಅಂದರೆ ಕೋಳಿ ಸಾರು. ಅದಕ್ಕೆ ಒಂದು ಮಧ್ಯಾಹ್ನ ಸಾಕು, ಮೂರು ದಿನ ಬೇಕಿಲ್ಲ ಅಂದಾಗ ಅವರೇ ನಕ್ಕರು.

ಅಲ್ಲಿಂದ ಮುಂದಿನದು ಸುಲಭವಾಯಿತು. ಅತ್ತೆ ಮಗಳ ಮನೆಯಲ್ಲಿ ಇರಲಿ. ಉಳಿದ ಮೂವರು ಊರೊಳಗೆ ರೂಮು ಮಾಡಲಿ. ಭಾನುವಾರದ ಊಟ ಅಕ್ಕನ ಮನೆಯಲ್ಲಿ, ಬಡಿಸುವುದು, ಪಾತ್ರೆ ತೊಳೆಯುವುದು ತಮ್ಮನ ಕೆಲಸ. ಉಡುಪಿ ಒಂದು ಕಡೆಗೇ ಸುಮಾರು 60 ಕಿಲೋಮೀಟರ್, ಧರ್ಮಸ್ಥಳ ಇನ್ನೂ ದೂರ. ಎರಡನ್ನೂ ಈ ಸಲ ಬಿಡಿ ಅಂದೆ. ಜನವರಿಯಲ್ಲೂ ಮಂಗಳೂರಿನ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ, ಸೆಕೆಗೆ ಬೆವರು ನಿಲ್ಲುವುದಿಲ್ಲ. ಹನ್ನೆರಡರಿಂದ ನಾಲ್ಕರವರೆಗೆ ಸುಮ್ನೆ ಮಲಗಿ. ಕಡಲಿಗೆ ಬೆಳಿಗ್ಗೆ, ಸಂಜೆ ಹೋಗಿ.

ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಇಂಥ ವಾರಾಂತ್ಯದಲ್ಲಿ ಅವತ್ತೇ ಕೂತು ಮಾಡಬೇಕು. ಅತ್ತೆಯ ಟಿಕೆಟ್ ಬೇರೆ ಮಾಡಿಸಿ ಅಂತಲೂ ಹೇಳಿದೆ. ಕಿರಿಯರ ಜೊತೆ ಒಂದೇ ಟಿಕೆಟ್‌ಗೆ ಸೇರಿಸಿದರೆ ಹಿರಿಯರ ಲೋವರ್ ಬರ್ತ್ ಕೋಟಾ ಸಿಗುವುದಿಲ್ಲ. ಮಂಡಿನೋವಿನವರು ಮೇಲಿನ ಬರ್ತ್ ಹತ್ತುವುದುಂಟಾ?

ತನ್ನ ಮತ್ತು ಮಗನ ಬ್ಯಾಗು ಗಂಡನೇ ತುಂಬಬೇಕು ಅಂದೆ. "ಏನೇನು ಹಾಕಬೇಕು ಅಂತ ಇವಳು ಲಿಸ್ಟ್ ಕೊಟ್ಟರೆ ತುಂಬ್ತೀನಿ" ಅಂದರು. ಲಿಸ್ಟ್ ಬರೆಯುವುದೂ ಕೆಲಸವೇ, ಅದನ್ನೂ ನೀವೇ ಮಾಡಿ ಅಂದೆ.

ನಾನು ಜಾಸ್ತಿ ಹೊತ್ತು ಕೊಟ್ಟದ್ದು ಅಕ್ಕನಿಗೆ ಮಾಡಬೇಕಾದ ಒಂದು ಫೋನಿಗೆ. "ಅವಳಿಗೆ ರೂಮು ಬೇಕಂತೆ" ಅಂತ ಗಂಡ ಹೇಳಿದರೆ ಹೆಂಡತಿ ಅಲ್ಲಿ ಕಾಲಿಡುವ ಮುಂಚೆಯೇ ಕೆಟ್ಟವಳಾಗುತ್ತಾಳೆ. "ನಾವು ರೂಮು ಮಾಡಿದ್ದೀವಿ ಅಕ್ಕಾ. ನಿನ್ನನ್ನ ಕೇಳದೆ ಇವಳನ್ನೂ ಕೇಳದೆ ಮೊದಲು ಹಾಗೆ ಹೇಳಿದ್ದು ನಂದೇ ತಪ್ಪು. ಅಮ್ಮ ನಿನ್ನ ಹತ್ತಿರ ಇರ್ತಾಳೆ. ಭಾನುವಾರ ಊಟಕ್ಕೆ ಬರ್ತೀವಿ" ಅಂತ ಹೇಳಿ ಅಂದೆ. ಗಟ್ಟಿಯಾಗಿ ಹೇಳಿಸಿಯೂ ನೋಡಿದೆ. ಮೊದಲ ಸಲ "ನಾವು" ಬರುವ ಕಡೆ "ಇವಳು" ಬಂತು. ಮತ್ತೆ ಹೇಳಿಸಿದೆ.

ಅಕ್ಕ ಮುನಿಸಿಕೊಂಡರು, ಫೋನ್ ಎತ್ತುವುದನ್ನೇ ಬಿಟ್ಟರು. ಹೆದರಿದ್ದು ಹೆಂಡತಿ. "ಹೋಗ್ಲಿ ಬಿಡಿ, ಅವರ ಮನೇಲೇ ಇದ್ದುಬಿಡೋಣ" ಅಂತ ನನಗೆ ಮೆಸೇಜ್ ಹಾಕಿದರು. ರೂಮು ಕ್ಯಾನ್ಸಲ್ ಮಾಡಬೇಡಿ ಅಂತ ಉತ್ತರಿಸಿದೆ. ಈ ಮುನಿಸು ಅಕ್ಕ ತಮ್ಮನ ನಡುವಿನದು. ಅದನ್ನು ತಣಿಸುವ ಕೆಲಸವೂ ತಮ್ಮನದೇ, ಅತ್ತಿಗೆಗೆ ನೀವು ಫೋನ್ ಮಾಡಬೇಡಿ ಅಂದೆ. ಊರಿಂದ ಬಂದ ಮೇಲೆ ಇಬ್ಬರಿಗೂ ಒಂದು ಸಲ ಬರಲು ಹೇಳಿದ್ದೇನೆ. ಅಕ್ಕನಿಗೆ ಮೊದಲು, ಹೆಂಡತಿಗೆ ಆಮೇಲೆ ಹೇಳುವ ಅಭ್ಯಾಸ ಬರೀ ಟ್ರಿಪ್ ವಿಷಯದಲ್ಲಷ್ಟೇನಾ, ಅದನ್ನು ಕೇಳುವುದಿದೆ.