ಕಂಪನಿ ಹೆಸರಿಲ್ಲದ, ಗಡಿಯಾರವಿರುವ ವಾಲ್ವ್ ರೇಡಿಯೋ ಗುರುತಿಸುವುದು
ನಿಮ್ಮ ಹಳೆಯ ಗಡಿಯಾರದ ರೇಡಿಯೋ ಯಾವುದೆಂದು ಕೇಳಿದ್ದೀರಿ. ಕಂಪನಿ ಹೆಸರಿಲ್ಲ, ಐದು ವಾಲ್ವ್ (ಹಳೆಯ ಕಾಲದ ಗಾಜಿನ ಕೊಳವೆ), ಡಯಲ್ ಮೇಲೆ 640 ಮತ್ತು 1240ರ ಬಳಿ ಪುಟ್ಟ ತ್ರಿಕೋನ ಎಂದಿದ್ದೀರಿ. ಆ ತ್ರಿಕೋನಗಳೇ ದೊಡ್ಡ ಸುಳಿವು: ಅಮೆರಿಕದ ಕಾನೆಲ್‌ರ್ಯಾಡ್ ತುರ್ತು ಪ್ರಸಾರದ ಗುರುತು ಅವು. ಆ ಗುರುತು ಹಾಕುತ್ತಿದ್ದದ್ದು 1953–63ರಲ್ಲಿ, ಹಾಗಾಗಿ ಸೆಟ್ ಆ ನಡುವಿನದು. ವಾಲ್ವ್‌ಗಳ ಮೇಲೆ 12ಬಿಇ6, 12ಬಿಎ6, 12ಎವಿ6, 50ಸಿ5, 35ಡಬ್ಲ್ಯೂ4 ಎಂದಿದೆಯೇ ನೋಡಿ. ಆ ಕಾಲದ ಮಾಮೂಲಿ ಜೋಡಣೆ ಅದು. ಮಾಡೆಲ್ ನಂಬರನ್ನು ಹಿಂಬದಿಯ ರಟ್ಟಿನಲ್ಲಿ, ತಳದ ಚೀಟಿಯಲ್ಲಿ ಹುಡುಕಿ. ಗಡಿಯಾರದ ಮೇಲೆ ಟೆಲಿಕ್ರಾನ್ ಎಂದಿದ್ದರೆ ಅದನ್ನೇ ರೇಡಿಯೋ ಕಂಪನಿ ಎಂದುಕೊಳ್ಳಬೇಡಿ, ಅದು ಗಡಿಯಾರದ ಬ್ರಾಂಡ್, ಹಲವು ರೇಡಿಯೋ ಕಂಪನಿಗಳು ಅದೇ ಗಡಿಯಾರ ಯಂತ್ರ ಹಾಕುತ್ತಿದ್ದವು.

ದಯವಿಟ್ಟು ನಮ್ಮ 230 ವೋಲ್ಟ್‌ಗೆ ನೇರ ಹಾಕಬೇಡಿ. ಇದು 117 ವೋಲ್ಟಿನದು, ಚಾಸಿಯಲ್ಲೇ (ಒಳಗಿನ ಲೋಹದ ಚೌಕಟ್ಟಿನಲ್ಲೇ) ಕರೆಂಟ್ ಇರಬಹುದು. ಐಸೊಲೇಶನ್ ಇರುವ, ಅಂದರೆ ಸೆಟ್ಟನ್ನು ಮನೆಯ ಲೈನಿನಿಂದ ಬೇರ್ಪಡಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರೇ ಬೇಕು, ಆ ಬೇರ್ಪಡಿಕೆ ಇಲ್ಲದ ಆಟೋ ಟ್ರಾನ್ಸ್‌ಫಾರ್ಮರ್ ಸಾಲದು. ಅದಕ್ಕೂ ಮೊದಲು ಹಳೆಯ ಪೇಪರ್ ಕೆಪಾಸಿಟರ್‌ಗಳನ್ನು ಬದಲಿಸಿ. ಗಡಿಯಾರದ 60 ಹರ್ಟ್ಸ್ ಮೋಟಾರ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಕೆಟ್ಟಿದೆಯೆಂದು ಗಡಿಯಾರ ಬಿಚ್ಚಬೇಡಿ.